ಸ್ಕೌಟ್ ಅಂದ್ರೆ ಬಿಟ್ಟಿ ಆಳಾ?

ನಿನ್ನೆ ಒಂದು ಸಮಾರಂಭ. ಸ್ಕೌಟ್ ಮಕ್ಕಳು ಎರಡು ಸಾಲಾಗಿ ಬಿಸಿಲಲ್ಲಿ ನಿಂತಿದ್ದರು. ಅತಿಥಿಗಳು ಬಂದದ್ದು ಎರಡು ಗಂಟೆ ತಡ. ಬಂದವರು ಮಕ್ಕಳ ಸೆಲ್ಯೂಟ್ ಕಡೆ ತಿರುಗಿಯೂ ನೋಡಲಿಲ್ಲ, ಫೋನಿನಲ್ಲೇ ಮುಳುಗಿದ್ದರು. ನನಗೆ ಪಿತ್ತ ನೆತ್ತಿಗೇರಿತು.

ನಮ್ಮ ಕಾಲದಲ್ಲೂ ಇದೇ ಹಾಡು. ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಹುಡುಗರನ್ನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದದ್ದು ಡೇರೆಯಲ್ಲಿ ಇರಲಿಕ್ಕೆ, ಕಾಡು ನೋಡಲಿಕ್ಕೆ, ಜಾಡು ಹಿಡಿಯಲಿಕ್ಕೆ. ನಮ್ಮನ್ನು ಕರೆದೊಯ್ದದ್ದು ಶಾಮಿಯಾನದ ಕೆಳಗೆ ಕುರ್ಚಿ ಹಾಕಲಿಕ್ಕೆ! ಹೂಗುಚ್ಛ ಹಿಡಿಯಲು ಸ್ಕೌಟ್. ನೀರು ಹಂಚಲು ಸ್ಕೌಟ್. ಜಾತ್ರೆಯಲ್ಲಿ ಚಪ್ಪಲಿ ಕಾಯಲೂ ಸ್ಕೌಟ್. ಇದಕ್ಕೆ ಯಾವ ಬ್ಯಾಡ್ಜ್ ಕೊಡುತ್ತಾರೆ ಸ್ವಾಮಿ?

ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಅಂತ ಸ್ಕೌಟ್ ಪರೀಕ್ಷೆಗಳ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಡೇರೆ ಮಾತ್ರ ರೆಕಾರ್ಡ್ ಪುಸ್ತಕದಲ್ಲಿ, ಅದೂ ಸ್ಕೆಚ್ ಪೆನ್ನಿನಲ್ಲಿ. ಸ್ಕಾರ್ಫ್ ಒಂದಿಷ್ಟು ಸೊಟ್ಟಗಿದ್ದರೆ ಲೋಕವೇ ಮುಳುಗಿಹೋಯಿತು ಅನ್ನೋ ಹಾಗೆ ಬೈಗುಳ. ಆಮೇಲಿನ ಮೆಟ್ಟಿಲಾದ ರಾಜ್ಯ ಪುರಸ್ಕಾರದ ಪರೀಕ್ಷೆ ಬಂತೋ, ಅಮ್ಮಂದಿರೇ ರಾತ್ರಿಯೆಲ್ಲ ಕೂತು ಚಾರ್ಟಿಗೆ ಗೋಂದು ಹಚ್ಚುತ್ತಿದ್ದರು. ಪುರಸ್ಕಾರ ಅವರಿಗೇ ಕೊಡಬಹುದಿತ್ತು, ಅಲ್ವಾ?

ಸಿಟ್ಟು ಬರುವುದೇ ಯಾಕೆಂದರೆ ನಾವು ನಿಜಕ್ಕೂ ಹೋದ ಒಂದೇ ಒಂದು ಶಿಬಿರ ಅಷ್ಟು ಚೆನ್ನಾಗಿತ್ತು. ಹೊಗೆ ಹಿಡಿದ ಉಪ್ಪಿಟ್ಟು, ಶಿಬಿರಾಗ್ನಿಯ ಸುತ್ತ ಗಂಟಲು ಹರಿಯುವ ಹಾಡು, ರಾತ್ರಿ ಪಹರೆಯಲ್ಲಿ ನಾಯಿ ಕಂಡರೂ ಚಿರತೆ! ಈಗಲೂ ಬೈಕಿಗೆ ಅಕ್ಕಿಚೀಲ ಕಟ್ಟುವಾಗ ಕೈ ತಾನಾಗಿ ಅಲ್ಲಿ ಕಲಿತ ಕ್ಲೋವ್ ಹಿಚ್ ಗಂಟು ಹಾಕುತ್ತದೆ. ಅಂಥದ್ದನ್ನು ಕಲಿಸುವ ಬದಲು ಮಕ್ಕಳನ್ನು ಸುಮ್ನೆ ಗೇಟಿನ ಮುಂದೆ ನಿಲ್ಲಿಸುತ್ತಾರಲ್ಲ, ಆ ಅತಿಥಿಗಳಿಗೆ ಸ್ವಂತ ಕೈಯಿಂದ ಕುರ್ಚಿ ಎಳೆದುಕೊಳ್ಳಲು ಬರುವುದಿಲ್ಲವೇ?