ಚಿಟ್ಟೆ ಬೇಕು, ಹುಳ ಬೇಡ ಅನ್ನುವವರಿಗೆ

ಈಗಷ್ಟೇ ನೋಡಿ ಬಂದೆ, ತಲೆ ಕೆಟ್ಟಿದೆ. ಒಬ್ಬರ ಮನೆಯ ಕಾಂಪೌಂಡಿನ ಮೇಲೆ ಸಾಲಾಗಿ ಸಕ್ಯುಲೆಂಟ್ (ನೀರು ಕೂಡಿಟ್ಟುಕೊಳ್ಳುವ ದಪ್ಪ ಎಲೆಯ ಗಿಡ) ಕುಂಡಗಳು, ಒಂದೊಂದರಲ್ಲೂ ತಂತಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚಿಟ್ಟೆ. ಅದರ ಪಕ್ಕದ ಕಾಡುಬಸಳೆಗೆ ಪುಸ್ ಪುಸ್ ಅಂತ ಕೀಟನಾಶಕ! ಯಾಕಂತೆ? "ಎಲೆ ತೂತಾಗಿದೆ, ಹುಳ ಬಿದ್ದಿದೆ." ಅದೇ ಬಾಯಲ್ಲಿ, "ಈಗೀಗ ನಮ್ಮ ಕಡೆ ಚಿಟ್ಟೆಗಳೇ ಬರಲ್ಲ ನೋಡಿ."

ಸ್ವಾಮಿ, ಆ ಹುಳವೇ ಚಿಟ್ಟೆ.

ಅದು ರೆಡ್ ಪಿಯರೋ ಚಿಟ್ಟೆಯ ಮರಿ. ಆ ಚಿಟ್ಟೆಯ ರೆಕ್ಕೆಯ ಅಡಿಭಾಗ ಬಿಳಿ, ಅದರ ಮೇಲೆ ಕಪ್ಪು ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಕೆಂಡದಂಥ ಕಿತ್ತಳೆ ಪಟ್ಟೆ. ನಿಧಾನವಾಗಿ, ನೆಲಕ್ಕೆ ಹತ್ತಿರವಾಗಿ ಹಾರುತ್ತದೆ, ಮೊಟ್ಟೆಯಿಡುವ ಗಿಡ ಬಿಟ್ಟು ದೂರ ಹೋಗುವುದು ಕಡಿಮೆ. ಕಾಡುಬಸಳೆ, ಅದರ ಬಳಗದ ಕಲಾಂಚೋ ಇದ್ದರೆ ಊರ ನಡುವಿನ ಬಾಲ್ಕನಿಗೂ ಬಂದೀತು. ಮೊಟ್ಟೆಯೊಡೆದ ಹುಳ ಎಲೆಯನ್ನು ಕೊರೆದು ಒಳಗೇ ಸೇರಿಕೊಂಡು, ಮೇಲಿನ ಸಿಪ್ಪೆ ಕೆಳಗಿನ ಸಿಪ್ಪೆ ಉಳಿಸಿ ನಡುವಿನ ತಿರುಳನ್ನಷ್ಟೇ ಮೇಯುತ್ತದೆ. ಒಂದು ಎಲೆ ಮುಗಿದರೆ ಇನ್ನೊಂದು. ಅಂಥ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಬೆಣ್ಣೆ ಕಾಗದದ ಚೀಲದಂತೆ ಕಾಣುತ್ತದೆ, ಒಳಗೆ ರಾಗಿಗಿಂತ ಸಣ್ಣ ಕಪ್ಪು ಹಿಕ್ಕೆ, ಅದರ ಆಚೆ ಹುಳದ ನೆರಳು. ಇಷ್ಟು ಚೆಂದದ ಬಾಣಂತಿಕೋಣೆಗೆ ವಿಷ ಹೊಡೆಯುತ್ತೀರಲ್ಲ!

ಕೊಳೆತ ಎಲೆ ಬೇರೆ, ಹುಳ ತಿಂದ ಎಲೆ ಬೇರೆ. ಕೊಳೆತದ್ದು ತೊಟ್ಟಿನಿಂದಲೇ ಹಳದಿಯಾಗಿ ನೀರು ತುಂಬಿಕೊಂಡು, ಮುಟ್ಟಿದರೆ ಕಳಚಿ ಬೀಳುತ್ತದೆ. ಅದು ಹುಳದ ತಪ್ಪಲ್ಲ, ದಿನಾ ನೀರು ಹಾಕುವ ಕೈಯದ್ದು. ನಿಜ ಹೇಳಬೇಕೆಂದರೆ, ಸಕ್ಯುಲೆಂಟನ್ನು ಹುಳ ಕೊಲ್ಲುವುದಕ್ಕಿಂತ ಪ್ರೀತಿ ಕೊಲ್ಲುವುದೇ ಹೆಚ್ಚು. ಕುಂಡಕ್ಕೆ ನೀರು ನಿಲ್ಲದ ಮಣ್ಣು ಬೇಕು: ಕೆಂಪು ಮಣ್ಣು ಒಂದು ಪಾಲು, ಹಳೆಯ ಗೊಬ್ಬರ ಒಂದು ಪಾಲು, ಜರಡಿ ಹಿಡಿದು ಪುಡಿ ತೆಗೆದ ಇಟ್ಟಿಗೆ ಚೂರು ಅಥವಾ ದಪ್ಪ ಮರಳು ಎರಡು ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದೇ ಹಾಕಿ, ಇಲ್ಲದಿದ್ದರೆ ಅದರ ಧೂಳು ಸಿಮೆಂಟಿನ ಹಾಗೆ ಕೂರುತ್ತದೆ. ಬಿದಿರುಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದಾಗ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಕುಂಡದಡಿಯ ತಟ್ಟೆ ತೆಗೆದಿಡಿ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದ್ದರೆ, ಒಳಗೆ ಒಂದೂ ಕಂದು ಕಲೆ ಕಾಣದವರೆಗೆ ಕತ್ತರಿಸಿ, ಮೇಲಿನ ತುಂಡನ್ನು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ ನೆಡಿ.

"ಹಾಗಾದ್ರೆ ಬಿಳಿ ಹಿಟ್ಟಿನಂಥ ತಿಗಣೆ ಬಂದ್ರೂ ಸುಮ್ಮನಿರಬೇಕಾ?" ಅಂತ ಕೇಳುವವರಿದ್ದಾರೆ. ಬೇಡ. ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಎಲೆಸಂದಿಯಲ್ಲಿ ಒರೆಸಿ, ನಾಲ್ಕು ದಿನಕ್ಕೊಮ್ಮೆ, ಮೂರು ಸಲ. ಇರುವೆ ಹತ್ತದಂತೆ ನೋಡಿಕೊಳ್ಳಿ, ತಿಗಣೆಯ ಕಾವಲುಗಾರರೇ ಅವು. ಹತ್ತು ಕುಂಡಕ್ಕೆ ಹತ್ತು ನಿಮಿಷದ ಕೆಲಸ. ಅದಕ್ಕೆ ಬೇಜಾರಾಗಿ ಗಿಡದ ರಸಕ್ಕೇ ಸೇರುವ ಔಷಧಿ ಹಾಕಿದರೆ ಅದು ಮಕರಂದಕ್ಕೂ ಬರುತ್ತದೆ. ಬೇವಿನೆಣ್ಣೆಯೂ ಹುಳಕ್ಕೆ ಪಾಯಸವೇನಲ್ಲ, ಅಷ್ಟು ಬೇಕೇಬೇಕಾದರೆ ತಿಗಣೆ ಇರುವ ಕುಂಡಕ್ಕೆ ಮಾತ್ರ.

ಹಕ್ಕಿಗಳದ್ದೂ ಇದೇ ಕತೆ. ಸೂರಕ್ಕಿ ಮಕರಂದ ಹೀರುವುದಷ್ಟೇ ನಮಗೆ ಗೊತ್ತು, ಮರಿಗೆ ಉಣಿಸುವುದು ಜೇಡ, ಹುಳ. ಗೂಡು ಹೆಣೆಯಲೂ ಜೇಡರ ಬಲೆ ಬೇಕು. ಹುಳವೇ ಇಲ್ಲದ ತೋಟದಲ್ಲಿ ಕಾಳಿನ ತಟ್ಟೆ ತೂಗುಹಾಕಿ ಹಕ್ಕಿ ಬರಲಿ ಅಂತ ಕಾಯುವುದು, ಅಡುಗೆಮನೆಗೆ ಬೀಗ ಹಾಕಿ ನೆಂಟರನ್ನು ಕರೆದ ಹಾಗೆ.

ಒಪ್ಪಿಕೊಳ್ಳುತ್ತೇನೆ, ಮೊದಮೊದಲು ನಾನೂ ಆ ಹುಳ ಹಿಸುಕಿದವಳೇ. ಈಗ ಉಪಾಯ ಸುಲಭ: ಕಾಡುಬಸಳೆಯ ಎಲೆಯನ್ನು ಮಣ್ಣಿನ ಮೇಲೆ ಹಾಗೇ ಇಟ್ಟರೆ ಅಂಚಿನಲ್ಲಿ ಮರಿಗಿಡ ಮೂಡುತ್ತವೆ. ಐದಾರು ಕುಂಡ ಬಿಟ್ಟುಬಿಡಿ ಹುಳಗಳಿಗೆ, ಹುಳ ತಿನ್ನುವ ವೇಗಕ್ಕಿಂತ ಗಿಡ ಹೆಚ್ಚುವ ವೇಗವೇ ಜಾಸ್ತಿ. ಅಲೋವೆರಾ, ಹಾವರ್ಥಿಯಾ ಪಕ್ಕದಲ್ಲೇ ಇದ್ದರೂ ಆ ಹುಳಕ್ಕೆ ಅವು ಬೇಡ.

ಆ ಪ್ಲಾಸ್ಟಿಕ್ ಚಿಟ್ಟೆಯೂ ವ್ಯರ್ಥವಲ್ಲ. ತಂತಿ ಬಿಚ್ಚಿಟ್ಟುಕೊಳ್ಳಿ, ಕುಂಡದ ತಳದ ತೂತು ಕಟ್ಟಿಕೊಂಡಾಗ ಚುಚ್ಚಿ ಬಿಡಿಸೋಕೆ ಬರುತ್ತೆ.