ತಂದೆಯಾದ ಮಾತ್ರಕ್ಕೆ ಸಂಬಳ ಏರುವುದಿಲ್ಲ: ಒಂದು ಸ್ಪಷ್ಟನೆ

‘ಮಗು ಹುಟ್ಟಿದರೆ ಗಂಡಸಿನ ಗಳಿಕೆ ಶೇ 6ರಷ್ಟು ಏರುತ್ತದೆ, ಸಂಶೋಧನೆಯೇ ಸಾಬೀತುಪಡಿಸಿದೆ’ ಎಂಬ ಸಂದೇಶವೊಂದು ಉಡುಪಿ ಸುತ್ತಮುತ್ತಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅಂಕಿ ಸುಳ್ಳಲ್ಲ, ಆದರೆ ಅದು ಸಮಾಜಶಾಸ್ತ್ರಜ್ಞೆ ಮಿಶೆಲ್ ಬಡಿಗ್ ಅವರು ಅಮೆರಿಕದ ಉದ್ಯೋಗಿಗಳ ಕುರಿತು 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಕ್ಕಳೊಂದಿಗೆ ವಾಸಿಸುವ ತಂದೆಯಂದಿರ ಬಗ್ಗೆ ಹೇಳಿದ ಸರಾಸರಿ. ಹೆಚ್ಚು ಸಂಬಳದ ಪುರುಷರಿಗೇ ಈ ಲಾಭ ಹೆಚ್ಚು ದಕ್ಕುತ್ತದೆ ಎಂದೂ, ತಾಯಂದಿರ ಗಳಿಕೆ ಪ್ರತಿ ಮಗುವಿಗೆ ಶೇ 4ರಷ್ಟು ಕುಸಿಯುತ್ತದೆ ಎಂದೂ ಅದೇ ವರದಿ ಹೇಳುತ್ತದೆ. ತಾಯಂದಿರ ಈ ನಷ್ಟವನ್ನು ಸಂದೇಶದಲ್ಲಿ ಕೈಬಿಟ್ಟಿರುವುದು ಸಣ್ಣ ಲೋಪವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಡೆನ್ಮಾರ್ಕ್ ಕುರಿತ 2019ರ ಅಧ್ಯಯನದಲ್ಲಂತೂ ತಂದೆಯಂದಿರ ಗಳಿಕೆ ಬಹುತೇಕ ಬದಲಾಗಲೇ ಇಲ್ಲ. ತಾಯಂದಿರದು ದೀರ್ಘಾವಧಿಯಲ್ಲಿ ಸುಮಾರು ಶೇ 20ರಷ್ಟು ತಗ್ಗಿತು.

ಇನ್ನು ನಮ್ಮ ಮಲ್ಪೆ ಬಂದರಿನ ಮಾತು. ಅಲ್ಲಿ ದೋಣಿಯಲ್ಲಿ ದುಡಿಯುವವರ ಗಳಿಕೆ ಹಿಡಿದ ಮೀನಿನ ಪಾಲನ್ನು ಅವಲಂಬಿಸಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತೆಯೇ ಇಲ್ಲ. ಅಮೆರಿಕದ ಸಂಬಳದಾರರ ಸರಾಸರಿಯನ್ನು ಈ ಮನೆಗಳಿಗೆ ಅನ್ವಯಿಸಲಾಗದು. ಆದ್ದರಿಂದ ಈ ಲೆಕ್ಕವನ್ನು ನಂಬಿ ಯಾರೂ ಬಾಣಂತನದ ಖರ್ಚಿಗೆ ಸಾಲ ಮಾಡಬಾರದೆಂದು ಕಳಕಳಿಯಿಂದ ಕೋರುತ್ತೇನೆ.