ಚೌರಿ ಚೌರಾ: ಅಹಿಂಸೆ ತತ್ವವೋ, ಉಪಾಯವೋ?

1922ರ ಫೆಬ್ರುವರಿ. ಗೋರಖಪುರ ಜಿಲ್ಲೆಯ ಚೌರಿ ಚೌರಾದಲ್ಲಿ ಪೊಲೀಸರು ಮೆರವಣಿಗೆ ಮೇಲೆ ಗುಂಡು ಹಾರಿಸಿದರು. ಗುಂಡು ಖಾಲಿಯಾದಾಗ ಠಾಣೆಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ಜನ ಠಾಣೆಗೆ ಬೆಂಕಿ ಇಟ್ಟರು. 22 ಪೊಲೀಸರು ಸತ್ತರು. ಹತ್ತು ದಿನದೊಳಗೆ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ?

ಪರ

ಅಹಿಂಸೆ ಯಾಕೆ ಬೇಕು ಅಂದರೆ ಕಾರಣ ಹೇಳಬಹುದು. ಬರಿಗೈಯಲ್ಲಿ ಬಂದೂಕಿನ ಎದುರು ಗೆಲ್ಲಲು ಆಗುವುದಿಲ್ಲ. ಹೊಡೆದಾಟಕ್ಕೆ ಇಳಿದರೆ ಸರ್ಕಾರಕ್ಕೆ ಇನ್ನೂ ಜಾಸ್ತಿ ಹೊಡೆಯಲು ನೆಪ ಸಿಗುತ್ತದೆ. ಬರೀ ಈ ಲೆಕ್ಕ ನೋಡಿದ್ದರೆ ಚಳವಳಿ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಗುಜರಾತಿನ ಬಾರ್ಡೋಲಿಯಲ್ಲಿ ಜನ ಕಾನೂನುಭಂಗಕ್ಕೆ ತಯಾರಾಗಿದ್ದರು. ಫೆಬ್ರುವರಿ 1ರಂದೇ ವೈಸರಾಯ್‌ಗೆ ಎಚ್ಚರಿಕೆಯ ಪತ್ರ ಹೋಗಿತ್ತು. ಆದರೂ ಗಾಂಧೀಜಿ ನಿಲ್ಲಿಸಿದರು, ಐದು ದಿನ ಉಪವಾಸ ಕೂತರು. ಉರಿಯುವ ಠಾಣೆಯೊಳಗೆ ಸಿಕ್ಕಿಕೊಂಡವರೂ ನಮ್ಮ ಜನವೇ ಅಲ್ವಾ? ಆ 22 ಹೆಣಗಳನ್ನು ಸ್ವರಾಜ್ಯದ ಖರ್ಚಿಗೆ ಬರೆದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಲಾಭ ಇರುವಷ್ಟು ದಿನ ಹಿಡಿದು, ನಷ್ಟ ಕಂಡ ದಿನ ಬಿಡುವುದಾದರೆ ಅದನ್ನು ತತ್ವ ಅಂತ ಯಾಕೆ ಕರೆಯಬೇಕು?

ವಿರೋಧ

ಖರ್ಚು ಬಿದ್ದದ್ದು ಬೇರೆಯವರ ಮೇಲೆ. ಕೆಲಸ, ಕಾಲೇಜು ಬಿಟ್ಟು ಬಂದಿದ್ದವರು, ಜೈಲು ಸೇರಿದ್ದ ಸಾವಿರಾರು ಜನ ನಡುನೀರಲ್ಲಿ ನಿಂತರು. ಜೈಲಿನಲ್ಲೇ ಸುದ್ದಿ ಕೇಳಿದ ನೆಹರೂ ಸಿಟ್ಟಾದರು. ಎಲ್ಲೋ ಮೂಲೆಯ ಹಳ್ಳಿಯಲ್ಲಿ ಒಂದು ಗುಂಪು ತಪ್ಪು ಮಾಡಿದ್ದಕ್ಕೆ ಇಡೀ ದೇಶದ ಹೋರಾಟ ಯಾಕೆ ನಿಲ್ಲಬೇಕು ಅನ್ನುವುದು ಅವರ ಪ್ರಶ್ನೆ. ನನಗಂತೂ ಅದಕ್ಕೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ.

ಆ ಗುಂಪಿನ ಸಿಟ್ಟೂ ಸುಮ್ನೆ ಬಂದದ್ದಲ್ಲ. ಕೆಲವೇ ದಿನ ಮೊದಲು ಅದೇ ಠಾಣೆಯ ದರೋಗ (ಠಾಣೆಯ ಅಧಿಕಾರಿ), ಸೈನ್ಯದಲ್ಲಿ ದುಡಿದು ಬಂದಿದ್ದ ಚಳವಳಿಯ ಒಬ್ಬ ಸ್ವಯಂಸೇವಕನನ್ನು ಹೊಡೆದಿದ್ದ. ಆಮೇಲೆ ಸೆಷನ್ಸ್ ಕೋರ್ಟು 172 ಮಂದಿಗೆ ಗಲ್ಲು ವಿಧಿಸಿತು. ಹೈಕೋರ್ಟು ಹೆಚ್ಚಿನವರ ಶಿಕ್ಷೆ ಇಳಿಸಿದರೂ 19 ಮಂದಿ ನೇಣಿಗೇರಿದರು.

ಮನುಷ್ಯರಿಗೆ ನೋವಾಗಬಾರದು ಅಂತ ಅಹಿಂಸೆ. ಚಳವಳಿ ನಿಂತದ್ದರಿಂದ ಯಾರ ನೋವು ಕಡಿಮೆಯಾಯಿತು?

1942ರ ಕ್ವಿಟ್ ಇಂಡಿಯಾ ನೋಡಿ. ಠಾಣೆಗಳು ಉರಿದವು, ರೈಲು ಹಳಿ ಕಿತ್ತರು. ಬಂಧನದಲ್ಲಿದ್ದ ಗಾಂಧೀಜಿ ಈ ಸಲ ಚಳವಳಿ ವಾಪಸ್ ಪಡೆಯಲಿಲ್ಲ. ಇದಕ್ಕೆ ಸರ್ಕಾರವೇ ಹೊಣೆ ಅಂತ ವೈಸರಾಯ್‌ಗೆ ಬರೆದರು. ತತ್ವ ಅದೇ, ಮನುಷ್ಯರೂ ಅವರೇ. ಜನ ಯಾಕೆ ಕೆರಳಿದರು, ಯಾರು ಕೆರಳಿಸಿದರು ಅಂತ ಆಗ ನೋಡಿದರು. 1922ರಲ್ಲೂ ಹಾಗೆ ನೋಡಬಹುದಿತ್ತು.